ಆರನೇ ಪ್ರಶ್ನೆ

ಬೆಳಿಗ್ಗೆ ಏಳಕ್ಕೆ ಸೂಜಿ, ಹತ್ತಿ, ಸಕ್ಕರೆ ಅಳೆಯುವ ಪುಟ್ಟ ಯಂತ್ರ
ಚೀಲಕ್ಕೆ ಹಾಕಿ ಹೊಸಬೆಟ್ಟಿನ ಕಡಲ ಬದಿಯ ಮನೆಗಳಿಗೆ ಹೊರಡುತ್ತೇನೆ.
ಗುಲಾಬಿ ಸೀರೆ. ನಾಯಿಗಳಿಗೂ ಗುರುತಾಗಿದೆ,
ಈಗ ಬೊಗಳುವುದಿಲ್ಲ.

ಮೊಬೈಲಿನ ಫಾರಮ್ಮಿನಲ್ಲಿ ಹನ್ನೊಂದು ಪ್ರಶ್ನೆ.
ಹೊಗೆಸೊಪ್ಪು ಉಂಟಾ, ಕುಡಿತ ಉಂಟಾ, ಸೊಂಟದ ಸುತ್ತಳತೆ ಎಷ್ಟು.
ಆರನೆಯದು: ಆಹಾರ ಪದ್ಧತಿ ಸರಿ ಇದೆಯೇ?
ಹೌದು. ಇಲ್ಲ.
ಒತ್ತುವ ಜಾಗ ಒಂದು ಅಕ್ಕಿಕಾಳಿನಷ್ಟು.

ವಾರಿಜ ಪುತ್ರನ್, ಐವತ್ತೆಂಟು ವರ್ಷ. ಸಕ್ಕರೆ ಮುನ್ನೂರ ಹನ್ನೆರಡು.
ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು
ಕಾನ, ಕಟ್ಲ, ಕುಳಾಯಿ ಸುತ್ತಿ ಬೂತಾಯಿ ಮಾರಿದವರು.
ಮಾರಿ ಉಳಿದದ್ದು ಮನೆಗೆ, ಪುಳಿಮುಂಚಿಗೆ,
ಕುಚ್ಚಲಕ್ಕಿ ಗಂಜಿಯ ಬದಿಗೆ.
ಆಗ ಅದರ ಹೆಸರು ಬಡತನ.
ಆಹಾರ ಪದ್ಧತಿ ಅಂತ ಯಾರೂ ಕರೆಯಲಿಲ್ಲ.

ಈಗ ಬೋಟು ದಕ್ಕೆಗೆ ತಾಗುವ ಮೊದಲೇ ಲಾರಿ ನಿಂತಿರುತ್ತದೆ.
ಬೆರಳುದ್ದದ ಮರಿಯೂ ಸೇರಿ ಟನ್ನಿನ ಲೆಕ್ಕ.
ಬೇಯಿಸಿ, ಹಿಂಡಿ, ಒಣಗಿಸಿ, ಹಿಟ್ಟು.
ಹಿಟ್ಟು ಯಾವುದೋ ಊರಿನ ಸಿಗಡಿ ಕೆರೆಗೆ, ಆ ಸಿಗಡಿ ಹಡಗಿಗೆ,
ಗಾಳಿ ತಿರುಗಿದ ದಿನ ವಾಸನೆ ನಮಗೆ.
"ಅದೊಂದಕ್ಕೆ ರೇಷನ್ ಕಾರ್ಡು ಬೇಡ ನೋಡಿ" ಅನ್ನುತ್ತಾರೆ ವಾರಿಜಕ್ಕ
ಹತ್ತಿಯಲ್ಲಿ ಬೆರಳು ಒತ್ತಿಕೊಂಡು.

ಕಾರ್ಡಿಗೆ ಸಿಗುವುದು ಬೆಳ್ತಿಗೆ.
ಕುಚ್ಚಲಕ್ಕಿ ಕೊಡಿಸುತ್ತೇವೆಂದು ವೇದಿಕೆ ಹತ್ತಿದವರು
ಗೆದ್ದರು, ಸೋತರು, ಪಕ್ಷ ಬದಲಿಸಿ ಮತ್ತೆ ಹತ್ತಿದರು.
ಅಕ್ಕಿ ಬಣ್ಣ ಬದಲಿಸಲಿಲ್ಲ.

ಮುಂದಿನ ಮನೆ ಮಿಸ್ರಿಯಾ. ಮಗನಿಗೆ ಆರು ವರ್ಷ, ಕೈಯಲ್ಲಿ ಕುರುಕುರು ಪ್ಯಾಕೆಟ್.
ಹಾಗೆಲ್ಲ ಕೊಡಬೇಡಿ ಅಂದೆ.
"ಐದು ರೂಪಾಯಿಗೆ ಬೇರೆ ಎಂತ ಸಿಗ್ತದೆ, ನೀವೇ ಹೇಳಿ."
ಹೇಳಲಿಲ್ಲ.
ಸೆವ್ರಿನ್ ಲೋಬೋರ ಅಂಗಡಿಗೆ ಕಂಪೆನಿಯವರು ಬಂದು
ಕಬ್ಬಿಣದ ಸ್ಟ್ಯಾಂಡು ಧರ್ಮಕ್ಕೆ ಕೊಟ್ಟ ದಿನ ನಾನು ಅಲ್ಲೇ ಇದ್ದೆ.
ಟೇಪು ಹಿಡಿದು ಅಳೆದು ಕೊಕ್ಕೆ ಹಾಕಿದರು,
ಸರಿಯಾಗಿ ಒಂದನೇ ಕ್ಲಾಸಿನ ಕಣ್ಣಿನ ಎತ್ತರಕ್ಕೆ.
ಕದಳಿ ಗೊನೆ ಹಿಂದೆ ಹೋಯಿತು, ಸೀಮೆಎಣ್ಣೆ ಡಬ್ಬದ ಹತ್ತಿರ.
ನಾನು ಮಗುವಿನ ತೂಕ ಅಳೆಯುವವಳು,
ಅವರು ಎತ್ತರ.

ಪಣಂಬೂರಿಗೆ ಹಡಗು ಬಂದರೆ ತಾಳೆ ಎಣ್ಣೆ
ಪೈಪಿನೊಳಗೆ ಬೈಕಂಪಾಡಿಗೆ ಹೋಗುವುದು ಕೇಳಿಸುವುದಿಲ್ಲ.
ತೆಂಗಿನ ಬುಡದಲ್ಲೇ ಕೂತು
ಆ ಎಣ್ಣೆಯಲ್ಲಿ ಗೋಳಿಬಜೆ ಕಾಯಿಸುತ್ತೇವೆ.
ಕಳೆದ ತಿಂಗಳು ಡಯಾಲಿಸಿಸ್ ಕೇಂದ್ರ ಶುರುವಾಯಿತು, ಮಂತ್ರಿಗಳು ಬಂದಿದ್ದರು.
ಕಲ್ಲಿನ ಮೇಲೆ ಅವರ ಹೆಸರು, ಅದರ ಕೆಳಗೆ ದಾನಿಗಳದ್ದು,
ನಮ್ಮ ಅಡುಗೆಮನೆಯ ಎಣ್ಣೆ ತೊಟ್ಟೆಯ ಮೇಲಿನದೇ ಹೆಸರು.
ಎರಡು ತಾಸು ಬಿಸಿಲಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದೆವು.
ಒಂದು ಜಾಮೂನು, ಒಂದು ಚಿಪ್ಸ್, ಒಂದು ಸಿಹಿ ಪಾನೀಯ ಕೊಟ್ಟರು.
ತಿಂದೆ. ಹಸಿವಾಗಿತ್ತು.
ಯಂತ್ರ ನನ್ನ ಚೀಲದಲ್ಲೇ ಇರುತ್ತದೆ,
ನನ್ನ ಬೆರಳು ಇನ್ನೂ ಚುಚ್ಚಿಲ್ಲ.

ಇವತ್ತು ವಾರಿಜಕ್ಕ ಒಳಗಿಂದ ಒಂದು ಬಾಟಲಿ ತಂದರು.
ಡಾಕ್ಟ್ರು ಬರೆದದ್ದಂತೆ, ಹೃದಯಕ್ಕೆ. ಆರುನೂರ ನಲವತ್ತು.
ಹಳದಿ ಗುಳಿಗೆ, ಬೆಳಕಿಗೆ ಹಿಡಿದರೆ ಜೇನಿನ ಹಾಗೆ.
ಒಂದನ್ನು ಉಗುರಿನಲ್ಲಿ ಒಡೆದರು,
ಮೂಗಿಗೆ ತಂದರು,
ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಆಮೇಲೆ, ಬಹಳ ವರ್ಷದ ಮೇಲೆ ನೆಂಟರು ಸಿಕ್ಕ ಹಾಗೆ,
"ಬೂತಾಯಿ" ಅಂದರು.

ಆರನೆಯದನ್ನು ಖಾಲಿ ಬಿಟ್ಟರೆ ಫಾರಮ್ಮು ಮುಂದೆ ಹೋಗುವುದಿಲ್ಲ.
'ಇಲ್ಲ' ಒತ್ತಿದೆ.
ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಸಲಹೆ ಬಂತು,
ಓದಿ ಹೇಳಲೇಬೇಕು, ನಿಯಮ:
"ವಾರಕ್ಕೆ ಎರಡು ಸಲ ಮೀನು ಸೇವಿಸಿ."

ವಾರಿಜಕ್ಕ ಬೆರಳಿಗೆ ತಾಗಿದ ಎಣ್ಣೆಯನ್ನು ಸೆರಗಿಗೆ ಒರೆಸಲಿಲ್ಲ.
"ಯಾರ ಹತ್ತಿರ ತೆಗೆದುಕೊಳ್ಳಬೇಕು ಅಂತ
ಕೇಳಿ ನೋಡಿ ಅದರಲ್ಲಿ" ಅಂದರು.